ಇ.ಸಿ. ತೆಗೆಸದ ಪ್ರವಾಸ ಕಥನಗಳು



ಬೇಸಗೆ ರಜೆ ಮುಗಿದು ಮಕ್ಕಳ ಶಾಲೆ ಶುರುವಾಯಿತೆಂದರೆ ನಮ್ಮ ಬಳಗದ ಮಿಂಚಂಚೆ ಪೆಟ್ಟಿಗೆಯಲ್ಲಿ ಪ್ರವಾಸ ಲೇಖನಗಳ ಸುಗ್ಗಿ. ಈ ವರ್ಷವೂ ತಪ್ಪಲಿಲ್ಲ. ಸಂಪಾದಕರು ಎಲ್ಲವನ್ನೂ ಒಟ್ಟುಮಾಡಿ ನಮ್ಮ ಕಡೆ ತಳ್ಳಿ, "ಇವನ್ನು ಓದಿ ಒಂದು ವಿಮರ್ಶೆ ಬರೆದುಕೊಡಿ, ಆದರೆ ಯಾರ ಮನಸ್ಸೂ ನೋಯಬಾರದು" ಎಂದರು. ಎರಡನ್ನೂ ಒಟ್ಟಿಗೆ ಸಾಧಿಸುವ ವಿದ್ಯೆ ನಮಗೆ ಬಾರದು. ಹಾಗಾಗಿ ಹೆಸರುಗಳನ್ನು ಬಿಟ್ಟಿದ್ದೇವೆ. ಬರೆದವರಿಗೆ ತಮ್ಮದು ಯಾವುದೆಂದು ಗೊತ್ತಾಗುತ್ತದೆ, ಮಿಕ್ಕವರು ಊಹಿಸಿಕೊಳ್ಳಲಿ.

ಬಂದ ಒಂಬತ್ತು ಲೇಖನಗಳಲ್ಲಿ ಆರು ಒಂದೇ ದಾರಿಯವು. ಐ-90 ಹಿಡಿದು ಪಶ್ಚಿಮಕ್ಕೆ ಹೊರಟು, ಸೌತ್ ಡಕೋಟಾ ರಾಜ್ಯವನ್ನು ಉದ್ದಕ್ಕೂ ದಾಟಿ, ಬ್ಯಾಡ್‌ಲ್ಯಾಂಡ್ಸ್, ವಾಲ್ ಡ್ರಗ್, ಮೌಂಟ್ ರಶ್‌ಮೋರ್, ಕ್ರೇಜಿ ಹಾರ್ಸ್ ನೋಡಿ, ಇನ್ನೂ ಉತ್ಸಾಹ ಉಳಿದಿದ್ದರೆ ನೆಬ್ರಾಸ್ಕಕ್ಕೆ ಇಳಿದು ಕಾರ್‌ಹೆಂಜ್ ನೋಡಿ ಮನೆಗೆ ಮರಳುವುದು. ಮಧ್ಯ ಅಮೆರಿಕದ ಕನ್ನಡಿಗರ ಪಾಲಿಗೆ ಇದು ಧರ್ಮಸ್ಥಳ–ಸುಬ್ರಹ್ಮಣ್ಯ–ಶೃಂಗೇರಿ ಸುತ್ತಿದ್ದ ಹಾಗೆ. ನಾವೂ ಈ ದಾರಿಯಲ್ಲಿ ಹೋದವರೇ, ಬಂದು ಇದೇ ಪತ್ರಿಕೆಯಲ್ಲಿ ಬರೆದವರೇ. ಅದರ ಮಾತು ಕೊನೆಗೆ ಬರುತ್ತದೆ.

ಮೊದಲು ಒಂದು ಸಣ್ಣ ತಕರಾರು. ಆರರಲ್ಲಿ ಮೂರು ಲೇಖನ "ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬ ಗಾದೆಯಿಂದ ಶುರುವಾಗುತ್ತವೆ. ಅನಂತರ ಮಿನಿವ್ಯಾನಿನ ಹಿಂದುಗಡೆ ರೈಸ್ ಕುಕ್ಕರ್ ಹತ್ತುತ್ತದೆ, ಪುಳಿಯೋಗರೆ ಗೊಜ್ಜಿನ ಡಬ್ಬಿ ಹತ್ತುತ್ತದೆ, "ಜೈ ಆಂಜನೇಯ" ಎಂದು ಕಾರು ಹೊರಡುತ್ತದೆ. ಮೋಟೆಲ್ ಸೇರುವಾಗ ಸದಾ ರಾತ್ರಿ ಹತ್ತೂವರೆ. ಕಂಡದ್ದೆಲ್ಲ "ವರ್ಣಿಸಲು ಪದಗಳೇ ಸಾಲದು" (ಪದ ಸಾಲದಿದ್ದರೆ ಲೇಖನ ಏಕೆ ಎಂದು ಕೇಳುವುದು ಅಸಭ್ಯತೆ, ಕೇಳುವುದಿಲ್ಲ). ನಡುವೆ ಎಲ್ಲೋ ಒಂದು ಕಡೆ, ಕೊಲಂಬಸ್ ಮಾಡಿದ ತಪ್ಪಿನಿಂದ ಅವರೂ ಇಂಡಿಯನ್ನರು ನಾವೂ ಇಂಡಿಯನ್ನರು ಎಂಬ ನಗೆಹನಿ ಬಂದೇ ಬರುತ್ತದೆ. ಕೊನೆಗೆ, ಎಲ್ಲಿ ಸುತ್ತಿದರೂ ನಮ್ಮ ಮನೆಯ ಹಾಸಿಗೆಯೇ ಸುಖ.

ಇದರಲ್ಲಿ ಯಾವುದೂ ಸುಳ್ಳಲ್ಲ. ಗೊಜ್ಜೂ ಬೇಕು, ಹಾಸಿಗೆಯೂ ಬೇಕು. ತೊಂದರೆ ಇರುವುದು ಬೇರೆ ಕಡೆ.

ಕನ್ನಡಕ್ಕೆ ಅಮೆರಿಕ ಪ್ರವಾಸ ಕಥನಗಳ ಬಡತನವಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ಎ.ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ', 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿವೆ. ಇವರೆಲ್ಲ ಬಂದದ್ದು ವಿದ್ಯಾರ್ಥಿಗಳಾಗಿ, ವಿದ್ವಾಂಸರಾಗಿ, ಅತಿಥಿಗಳಾಗಿ. ಹೇಮಾವತಿಯ ದಡದ ಮನುಷ್ಯ ತನ್ನ ಊರಿನ ಕಣ್ಣಿನಿಂದಲೇ ಈ ದೇಶವನ್ನು ನೋಡಿ, ಬೆರಗಾಗಿ, ನಕ್ಕು, ಹಿಂದಿರುಗಿದರು. ಅತಿಥಿಯ ಬೆರಗಿಗೆ ಒಂದು ಹಕ್ಕಿದೆ. ಬಂದ ಮನೆಯ ಗೋಡೆ ಯಾರದು, ಹಿತ್ತಲು ಯಾರದಾಗಿತ್ತು ಎಂದು ನೆಂಟ ಕೇಳಬೇಕಾಗಿಲ್ಲ.

ನಮ್ಮ ಕಥೆ ಹಾಗಲ್ಲ. ನಾವು ಇಲ್ಲಿ ಮನೆ ಕೊಂಡವರು, ತೆರಿಗೆ ಕಟ್ಟುವವರು, ಜ್ಯೂರಿ ಡ್ಯೂಟಿಗೆ ಹೋಗಿ ಕೂತವರು, ಮಕ್ಕಳನ್ನು ಇಲ್ಲೇ ಹೆತ್ತವರು. ಆದರೂ ಪ್ರವಾಸ ಲೇಖನ ಬರೆಯಲು ಕೂತ ಕೂಡಲೇ ಮೂವತ್ತು ವರ್ಷ ಇಲ್ಲಿದ್ದವರೂ ನಿನ್ನೆ ವಿಮಾನ ಇಳಿದ ನೆಂಟರಾಗಿಬಿಡುತ್ತಾರೆ. ಇದು ನಮಗೆ ಸೋಜಿಗ. ಏಕೆಂದರೆ ಬೆಂಗಳೂರಿನಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು ಕೊಳ್ಳಬೇಕೆಂದರೆ ಇದೇ ಜನ ಎಷ್ಟು ಜಾಗರೂಕರು! ಮೂಲಪತ್ರ ಎಲ್ಲಿ, ಖಾತೆ ಯಾರ ಹೆಸರಿನಲ್ಲಿದೆ, ಮೂವತ್ತು ವರ್ಷದ ಇ.ಸಿ. ತೆಗೆಸಿದ್ದೀರಾ, ಅಣ್ಣತಮ್ಮಂದಿರು ಎಲ್ಲರೂ ಸಹಿ ಹಾಕಿದ್ದಾರಾ — ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತನಿಗೂ ತಲೆನೋವು ಬರುವಷ್ಟು ಪ್ರಶ್ನೆ. ಅಷ್ಟು ಕೇಳುವವರು ಒಂದು ಇಡೀ ಪರ್ವತದ ಮುಂದೆ ನಿಂತು ಅದರ ಇ.ಸಿ. ಏನೆಂದು ಕೇಳದೆ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಲೇಖನಗಳಿಗೆ ಬರೋಣ. ವಾಲ್ ಡ್ರಗ್ ಬಗ್ಗೆ ಬಂದದ್ದು ನಮಗೆ ಬಹಳ ಹಿಡಿಸಿತು. ಸಂಗತಿ ಗೊತ್ತಿಲ್ಲದವರಿಗಾಗಿ: ಟೆಡ್ ಹಸ್ಟೆಡ್ ಎಂಬ ಔಷಧ ವ್ಯಾಪಾರಿ 1931ರಲ್ಲಿ, ಆರ್ಥಿಕ ಕುಸಿತದ ನಡುವೆ, ವಾಲ್ ಎಂಬ ಕೆಲವೇ ನೂರು ಜನರ ಊರಿನಲ್ಲಿ ಅಂಗಡಿ ಕೊಂಡ. ಐದು ವರ್ಷ ನೊಣ ಹೊಡೆದ. 1936ರ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಹೆಂಡತಿ ಡೊರೊತಿಗೆ ಹೆದ್ದಾರಿಯ ಕಾರುಗಳ ಸದ್ದಿನಿಂದ ನಿದ್ದೆ ಬರಲಿಲ್ಲ. ಈ ಬಿಸಿಲಲ್ಲಿ ಹೋಗುವವರಿಗೆ ಬೇಕಾದದ್ದು ತಣ್ಣನೆಯ ನೀರಲ್ಲವೇ ಎಂದುಕೊಂಡಳು. ಐಸ್ ಹಾಕಿದ ನೀರು ಪುಕ್ಕಟೆ ಎಂದು ದಾರಿಯ ಮೇಲೆ ಹಲಗೆ ನೆಡಿಸಿದರು. ಟೆಡ್ ಹಲಗೆ ನೆಟ್ಟು ವಾಪಸು ಬರುವಷ್ಟರಲ್ಲಿ ಅಂಗಡಿಯಲ್ಲಿ ಜನ. ಇವತ್ತು ಅದು ಒಂದು ಸಂತೆಯಷ್ಟು ದೊಡ್ಡದು. ಮುನ್ನೂರು ನಾನ್ನೂರು ಮೈಲಿಯಿಂದಲೇ ಹಲಗೆಗಳು ಕರೆಯುತ್ತವೆ. ನೀರು ಈಗಲೂ ಪುಕ್ಕಟೆ, ಕಾಫಿ ಐದು ಸೆಂಟು.

ನಮ್ಮ ಲೇಖಕಿಯ ಜೊತೆಯಲ್ಲಿ ಊರಿನಿಂದ ಬಂದ ಅವರ ಅತ್ತೆ ಇದ್ದರು. ಆ ನೀರು ಕುಡಿದು ಅವರು, "ಇದು ಅರವಟ್ಟಿಗೆ ಅಲ್ವೇನಮ್ಮಾ" ಎಂದರಂತೆ. ಎಷ್ಟು ಸರಿಯಾದ ಮಾತು! ಆರು ಲೇಖನಗಳಲ್ಲಿ ಕನ್ನಡದ ಒಂದು ಪದ ಅಮೆರಿಕದ ಒಂದು ಜಾಗವನ್ನು ನಿಜವಾಗಿ ಬೆಳಗಿದ್ದು ಇಲ್ಲಿ ಮಾತ್ರ. ಲೇಖಕಿ ಅಲ್ಲಿಗೇ ನಿಲ್ಲಿಸದೆ, ಅತ್ತೆಯವರೇ ಮತ್ತೆ ಸುತ್ತಮುತ್ತ ನೋಡಿ, ಅರವಟ್ಟಿಗೆಯಲ್ಲಿ ನೀರು ಕೊಟ್ಟವರು ಹಿಂದೆಯೇ ಟೀಶರ್ಟು ಮಾರುತ್ತಿರಲಿಲ್ಲ ಎಂದು ಗೊಣಗಿದ್ದನ್ನೂ ಬರೆದಿದ್ದಾರೆ. ರಾಮನವಮಿಯ ಪಾನಕ ಪುಣ್ಯಕ್ಕೆ, ಡೊರೊತಿಯ ನೀರು ವ್ಯಾಪಾರಕ್ಕೆ. ಆದರೂ ಬಾಯಾರಿದವನಿಗೆ ಎರಡೂ ನೀರೇ. ಈ ಎರಡು ಪುಟಕ್ಕಾಗಿ ಲೇಖಕಿಯವರ ಗಾದೆಯನ್ನೂ ಮೋಟೆಲನ್ನೂ ನಾವು ಮನ್ನಿಸಿದ್ದೇವೆ. ಅತ್ತೆಯವರು ಮತ್ತೆ ಯಾವಾಗ ಬರುತ್ತಾರೆ ಎಂದು ತಿಳಿಸಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇವೆ.

ಮೌಂಟ್ ರಶ್‌ಮೋರಿನ ಮೇಲೆ ಎರಡು ಲೇಖನ. ಎರಡರಲ್ಲೂ ಅಂಕಿ ಅಂಶ ಧಾರಾಳ: ನಾಲ್ವರು ಅಧ್ಯಕ್ಷರು, ತಲಾ 60 ಅಡಿ ಎತ್ತರದ ಮುಖ, 1927ರಿಂದ 1941ರವರೆಗೆ ಕೆಲಸ, ಸುಮಾರು 400 ಕೆಲಸಗಾರರು, ಡೈನಮೈಟು. ಶಿಲ್ಪಿ ಗಟ್ಜನ್ ಬೋರ್ಗ್ಲಮ್ ಮುಗಿಯುವ ಮೊದಲೇ ತೀರಿಕೊಂಡ, ಮಗ ಲಿಂಕನ್ ಮುಂದುವರಿಸಿದ ಎಂಬುದೂ ಇದೆ. ಎಲ್ಲ ಸರಿ. ಎಲ್ಲವೂ ಅಲ್ಲಿನ ಹಲಗೆಗಳ ಮೇಲೆ ಇರುವುದೇ. ಹಲಗೆಯನ್ನು ಕನ್ನಡಕ್ಕೆ ಇಳಿಸುವುದು ಪ್ರವಾಸ ಕಥನವಾದರೆ ಅನುವಾದಕರಿಗೆ ಕೆಲಸ ಕೊಡಬಹುದಿತ್ತು.

ಹಲಗೆಯಾಚೆ ಹೋಗಿದ್ದರೆ ಏನು ಸಿಗುತ್ತಿತ್ತು? ಮೊದಲನೆಯದಾಗಿ, ಈ ಮಹಾಸ್ಮಾರಕ ಹುಟ್ಟಿದ್ದೇ ದಾರಿ ಬದಿಯ ಆಕರ್ಷಣೆಯಾಗಿ. 1923ರ ಹೊತ್ತಿಗೆ ಡೋನ್ ರಾಬಿನ್ಸನ್ ಎಂಬ ರಾಜ್ಯದ ಇತಿಹಾಸಕಾರರಿಗೆ ಬಂದ ಯೋಚನೆ ಅದು. ಪ್ರವಾಸಿಗಳು ನಮ್ಮ ರಾಜ್ಯಕ್ಕೆ ಬರುವಂತೆ ಬಂಡೆಗಳಲ್ಲಿ ಏನಾದರೂ ಕೆತ್ತಿಸೋಣ! ಅವರು ಮೊದಲು ಬಯಸಿದ್ದು ಪಶ್ಚಿಮದ ವೀರರನ್ನು, ಲಕೋಟಾ ನಾಯಕ ರೆಡ್ ಕ್ಲೌಡ್ ಅವರನ್ನೂ ಸೇರಿಸಿ. ಅಧ್ಯಕ್ಷರನ್ನು ತಂದದ್ದು ಬೋರ್ಗ್ಲಮ್. ಪರ್ವತದ ಹೆಸರಂತೂ 1885ರಲ್ಲಿ ಗಣಿ ವ್ಯವಹಾರಕ್ಕೆ ಬಂದಿದ್ದ ನ್ಯೂಯಾರ್ಕಿನ ವಕೀಲ ಚಾರ್ಲ್ಸ್ ರಶ್‌ಮೋರ್ ಎಂಬುವನದು. ಲಕೋಟಾ ಜನ ಅದನ್ನು 'ಆರು ಅಜ್ಜಂದಿರು' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆರು ಅಜ್ಜಂದಿರ ಜಾಗದಲ್ಲಿ ನಾಲ್ವರು ಅಧ್ಯಕ್ಷರು.

ಇನ್ನು ಇ.ಸಿ. 1868ರಲ್ಲಿ ಫೋರ್ಟ್ ಲಾರಮಿ ಒಪ್ಪಂದವಾಯಿತು. ಪಹಾ ಸಾಪಾ, ಅಂದರೆ ಬ್ಲ್ಯಾಕ್ ಹಿಲ್ಸ್, ಲಕೋಟಾ ಮತ್ತು ಇತರ ಸೂ ಜನರಿಗೆ ಸೇರಿದ್ದೆಂದು ಅಮೆರಿಕ ಸರ್ಕಾರ ಸಹಿ ಹಾಕಿತು. ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕದೆ ಮುಂದೆ ಯಾವ ಪರಭಾರೆಯೂ ಸಲ್ಲದು ಎಂಬ ಕರಾರೂ ಇತ್ತು. 1874ರಲ್ಲಿ ಕಸ್ಟರ್ ದಂಡಯಾತ್ರೆ ಹೋದಾಗ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಕಾಂಗ್ರೆಸ್ ಒಂದು ಕಾಯಿದೆ ಮಾಡಿ ಆ ಬೆಟ್ಟಗಳನ್ನು ತೆಗೆದುಕೊಂಡಿತು. ಸಹಿ ಹಾಕಿದ್ದವರು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಬೆಂಗಳೂರಿನಲ್ಲಿ ಇಂಥ ಪತ್ರ ಹಿಡಿದು ಬ್ಯಾಂಕಿನ ಸಾಲಕ್ಕೆ ಹೋದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇದಕ್ಕೆ ಪರಿಹಾರ ಸಲ್ಲಬೇಕೆಂದು ತೀರ್ಪಿತ್ತಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಮೇಲೆ. ಸೂ ಜನ ಆ ಹಣವನ್ನು ಮುಟ್ಟಲಿಲ್ಲ. ದುಡ್ಡು ತೆಗೆದುಕೊಂಡರೆ ಬೆಟ್ಟ ಮಾರಿದಂತಾಗುತ್ತದೆ, ನಾವು ಮಾರಿಲ್ಲ, ಎಂಬುದು ಅವರ ನಿಲುವು. ಆ ನಿಧಿ ಬೆಳೆಯುತ್ತ 100 ಕೋಟಿ ಡಾಲರನ್ನು ದಾಟಿದೆ. ಅದರ ಹಕ್ಕುದಾರರಲ್ಲಿ ಅನೇಕರು ಇರುವುದು ದೇಶದ ಅತಿ ಬಡ ಕೌಂಟಿಗಳಲ್ಲಿ.

(ಗೊರೂರರಿಗೆ ಪ್ರಶಸ್ತಿ ಬಂದದ್ದೂ, ಈ ತೀರ್ಪು ಬಂದದ್ದೂ ಒಂದೇ ವರ್ಷ. ಇದರಿಂದ ಏನೂ ಸಾಬೀತಾಗುವುದಿಲ್ಲ, ನಮಗೆ ಮಾತ್ರ ಮರೆಯಲಾಗುತ್ತಿಲ್ಲ.)

ಇಷ್ಟನ್ನೂ ಬರೆಯಿರಿ, ಅಲ್ಲಿ ನಿಂತು ಅಳಿರಿ ಎನ್ನುತ್ತಿಲ್ಲ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಹೋಗುವ ಜಾಗ, ನೋಡಬೇಕಾದದ್ದೇ, ಕೆಲಸವೂ ಅದ್ಭುತವೇ. ಆದರೆ ಎರಡೂ ಲೇಖನಗಳಲ್ಲಿ ಈ ಇಡೀ ಕಥೆಗೆ ಸಿಕ್ಕಿದ್ದು "ಹಿಂದೆ ಇಲ್ಲಿ ಆದಿವಾಸಿಗಳು ವಾಸಿಸುತ್ತಿದ್ದರು" ಎಂಬ ಒಂದು ವಾಕ್ಯ. ಆ ಭೂತಕಾಲದ ಕ್ರಿಯಾಪದ ನೋಡಿ. 'ವಾಸಿಸುತ್ತಿದ್ದರು'! ಅವರು ಈಗಲೂ ಅಲ್ಲೇ ಇದ್ದಾರೆ ಸ್ವಾಮಿ, ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಹಿಂದೆ ಕ್ಯೂ ನಿಂತಿದ್ದರು.

ಕ್ರೇಜಿ ಹಾರ್ಸ್ ಸ್ಮಾರಕದ ಲೇಖನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1948ರಲ್ಲಿ ಶುರುವಾಗಿ ಇನ್ನೂ ಮುಗಿದಿಲ್ಲ ಎಂಬುದನ್ನೇ ಲೇಖಕರು ನಾಲ್ಕು ಬಗೆಯಲ್ಲಿ ತಮಾಷೆ ಮಾಡಿದ್ದಾರೆ, ಬೆಂಗಳೂರಿನ ಮೆಟ್ರೋಗೂ ಹೋಲಿಸಿದ್ದಾರೆ. ಸರ್ಕಾರದ ಹಣ ಬೇಡವೆಂದು ನಿಶ್ಚಯಿಸಿದ್ದರಿಂದ ನಿಧಾನ ಎಂಬುದು ಅವರ ಗಮನಕ್ಕೆ ಬಂದಿಲ್ಲ. ಆ ವೀರನ ಅಧಿಕೃತ ಛಾಯಾಚಿತ್ರ ಒಂದೂ ಇಲ್ಲ. ಹಾಗಿದ್ದೂ 1998ರಲ್ಲಿ ಪೂರ್ಣಗೊಂಡ ಮುಖ 87 ಅಡಿಗೂ ಹೆಚ್ಚು ಎತ್ತರ. ಬೆಟ್ಟ ಕೆತ್ತುವುದೇ ಅಪಚಾರ ಎನ್ನುವ ಲಕೋಟಾ ಜನರೂ ಇದ್ದಾರೆ. ಇಷ್ಟು ಹುರುಳು ಕೈಯಲ್ಲಿದ್ದೂ ಮೆಟ್ರೋ ಹತ್ತಿದ್ದಕ್ಕೆ ನಮಗೆ ಬೇಸರವಿದೆ.

ಕಾರ್‌ಹೆಂಜ್ ಮೇಲಿನ ಲೇಖನದ ತಲೆಬರಹವೇ 'ಅಮೆರಿಕನ್ನರ ಹುಚ್ಚು'. ನೆಬ್ರಾಸ್ಕದ ಅಲಯನ್ಸ್ ಊರಿನ ಹೊರಗೆ ಹೊಲದ ನಡುವೆ ಹಳೆಯ ಕಾರುಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಅಡ್ಡಕ್ಕೆ ಇನ್ನಷ್ಟು ಕಾರು ಇಟ್ಟು, ಎಲ್ಲಕ್ಕೂ ಬೂದು ಬಣ್ಣ ಬಳಿದು, ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಹಾಗೆ ಚಕ್ರಾಕಾರವಾಗಿ ಕಟ್ಟಿದ್ದಾರೆ. ಲೇಖಕರು ಹೊಟ್ಟೆ ತುಂಬ ನಕ್ಕಿದ್ದಾರೆ, ನಗಿಸಿಯೂ ಇದ್ದಾರೆ. ಗುಜರಿಯವನಿಗೆ ಕೊಟ್ಟಿದ್ದರೆ ನಾಲ್ಕು ಕಾಸು ಬರುತ್ತಿತ್ತು ಎಂಬ ಮಾತಿಗೆ ನಾವೂ ನಕ್ಕೆವು.

ಆದರೆ ಅದನ್ನು ಕಟ್ಟಿದವರು ಜಿಮ್ ರೈಂಡರ್ಸ್. ಕಟ್ಟಿದ್ದು ತೀರಿಕೊಂಡ ತಂದೆಯ ನೆನಪಿಗೆ, ತಂದೆ ಬಾಳಿದ ಅದೇ ಹೊಲದಲ್ಲಿ. 1987ರ ಬೇಸಗೆಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಗುಂಡಿ ತೋಡಿ, ಕಾರು ಎತ್ತಿ ನಿಲ್ಲಿಸಿ, ವರ್ಷದ ಅತಿ ದೀರ್ಘ ಹಗಲಿನ ಹೊತ್ತಿಗೆ ಕೆಲಸ ಮುಗಿಸಿದರು. ಊರಿನವರು ಮೊದಲು ಇದನ್ನು ಕಿತ್ತುಹಾಕಬೇಕೆಂದು ಹಟ ಹಿಡಿದರು, ಅನಂತರ ಅವರೇ ಕಾಪಾಡಲು ನಿಂತರು. ತಂದೆ ತೀರಿಕೊಂಡ ಮೇಲೆ ಬಂಧುಗಳೆಲ್ಲ ಒಂದು ಕಡೆ ಸೇರಿ, ಬೆವರು ಸುರಿಸಿ, ಒಟ್ಟಿಗೆ ಊಟ ಮಾಡಿ, ಏನನ್ನೋ ನೆಟ್ಟು ಹೋಗುವುದು. ಇದಕ್ಕೆ ಕನ್ನಡದಲ್ಲಿ ಹುಚ್ಚು ಎನ್ನುತ್ತೇವೆಯೇ? ತಿಥಿ ಎನ್ನುತ್ತೇವೆ, ಕಲ್ಲು ನಿಲ್ಲಿಸುವುದು ಎನ್ನುತ್ತೇವೆ.

ಕಲ್ಲು ನಿಲ್ಲಿಸುವ ವಿಷಯದಲ್ಲಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲನ್ನು ನೆನಪಿಸಿಕೊಳ್ಳಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸುದ್ದಿಯೂ ಅದರಲ್ಲಿದೆ, ಕಾಡುಹಂದಿಯೊಡನೆ ಕಾದು ಸತ್ತ 'ಕಾಳಿ' ಎಂಬ ಬೇಟೆನಾಯಿಯ ಕಥೆಯೂ ಇದೆ, ನಾಯಿ ಮತ್ತು ಹಂದಿಯ ಚಿತ್ರವೂ ಇದೆ. ಸಾಮ್ರಾಟನ ಯುದ್ಧ ಮತ್ತು ಒಂದು ನಾಯಿಯ ಸಾವು ಒಂದೇ ಕಲ್ಲಿನ ಮೇಲೆ. ಕಲ್ಲು ಕಡೆಸಿದವರು ಇದು ಐತಿಹಾಸಿಕ, ಇದು ವಿಚಿತ್ರ ಎಂದು ಎರಡು ಪಟ್ಟಿ ಮಾಡಿಕೊಂಡಿರಲಿಲ್ಲ. ನಮ್ಮ ಲೇಖಕರು ಮಾಡಿಕೊಂಡಿದ್ದಾರೆ. ಮೊದಲನೆಯದರ ಮುಂದೆ ಕೈಮುಗಿಯುತ್ತಾರೆ, ಎರಡನೆಯದರ ಮುಂದೆ ಹಲ್ಲು ಕಿರಿಯುತ್ತಾರೆ, ಎರಡರ ಮುಂದೆಯೂ ಪ್ರಶ್ನೆ ಕೇಳುವುದಿಲ್ಲ. ಹಾಗಾಗಿಯೇ ಪ್ರವಾಸಿಗಳನ್ನು ಸೆಳೆಯಲು ಕೆತ್ತಿದ ಬೆಟ್ಟ ಅವರಿಗೆ ದೇವಸ್ಥಾನವಾಯಿತು, ಮಗ ತಂದೆಗೆ ಕಟ್ಟಿದ ಸ್ಮಾರಕ ಹುಚ್ಚಾಯಿತು.

ಉಳಿದದ್ದು ಆರನೆಯ ಲೇಖನ. ಒಂದೂವರೆ ಪುಟ, ಅಷ್ಟೆ. ಬರೆದವರು ಹೊಸ ಸದಸ್ಯರು, ಅಲ್ಲಲ್ಲಿ ಕಾಗುಣಿತ ತಪ್ಪಿದೆ, ಕೊನೆಯಲ್ಲಿ "ಅಲ್ಲಿ ನೋಡಲು ಅಂಥದ್ದೇನೂ ಇರಲಿಲ್ಲ, ಕ್ಷಮಿಸಿ" ಎಂದು ಬೇರೆ ಬರೆದಿದ್ದಾರೆ. ನಮ್ಮ ಮಟ್ಟಿಗೆ ಈ ವರ್ಷದ ಒಳ್ಳೆಯ ಲೇಖನ ಇದು. ಅವರು ವಾಲ್‌ನಿಂದ ಎಲ್ಲರಂತೆ ಪಶ್ಚಿಮಕ್ಕೆ ಹೋಗದೆ, ದಕ್ಷಿಣಕ್ಕೆ ತಿರುಗಿ ಸುಮಾರು ಒಂದೂವರೆ ಗಂಟೆ ಓಡಿಸಿ, ಪೈನ್ ರಿಡ್ಜ್ ಮೀಸಲು ಪ್ರದೇಶದ ವೂಂಡೆಡ್ ನೀ ಎಂಬಲ್ಲಿಗೆ ಹೋಗಿದ್ದಾರೆ.

1890ರ ಡಿಸೆಂಬರ್ 29ರಂದು ಅಲ್ಲಿ ಅಮೆರಿಕದ ಏಳನೆಯ ಅಶ್ವದಳ ಲಕೋಟಾ ಜನರ ಒಂದು ಗುಂಪನ್ನು ಸುತ್ತುವರಿದು, ಆಯುಧ ಕಸಿಯುವಾಗ ಗುಂಡಿನ ಮಳೆಗರೆಯಿತು. ಸತ್ತವರಲ್ಲಿ ಹೆಂಗಸರು ಮಕ್ಕಳು ಬಹಳ. ಲೆಕ್ಕ 150ರಿಂದ 300ರವರೆಗೆ, ಹೇಳುವವರ ಮೇಲೆ. ಗುಡ್ಡದ ಮೇಲೆ ಒಂದೇ ಗುಂಡಿಯಲ್ಲಿ ಹೂಳಿದರು. ಸೈನಿಕರಿಗೆ ಶೌರ್ಯ ಪದಕ ಸಿಕ್ಕಿತು. ವಿದುರಾಶ್ವತ್ಥದ 1938ರ ಗೋಲಿಬಾರಿನಲ್ಲಿ ಸತ್ತವರ ಸಂಖ್ಯೆ ಸರ್ಕಾರದ್ದೊಂದು, ಊರಿನವರದ್ದೊಂದು ಎಂದು ಕೇಳಿ ಬೆಳೆದ ನಮಗೆ ಈ ಬಗೆಯ ಲೆಕ್ಕ ಹೊಸದಲ್ಲ.

ಅಲ್ಲಿ ಇರುವುದು ಒಂದು ಗುಡ್ಡ, ತಂತಿಬೇಲಿಯ ಸ್ಮಶಾನ, 1903ರಲ್ಲಿ ಸತ್ತವರ ಬಂಧುಗಳು ನಿಲ್ಲಿಸಿದ ಕಲ್ಲು, ರಸ್ತೆ ಬದಿಗೆ ಒಂದು ಕೆಂಪು ಹಲಗೆ. ನಮ್ಮ ಹೊಸ ಲೇಖಕರು ಆ ಹಲಗೆಯ ಮುಂದೆ ನಿಂತದ್ದನ್ನು ಬರೆದಿದ್ದಾರೆ. ತಲೆಬರಹದಲ್ಲಿ ಮೊದಲು ಇದ್ದ ಇಂಗ್ಲಿಷ್ ಪದದ ಅರ್ಥ 'ಕದನ'. ಈಗ ಆ ಪದದ ಮೇಲೆ ಬೇರೊಂದು ಪಟ್ಟಿಯನ್ನು ಬಡಿದು 'ಹತ್ಯಾಕಾಂಡ' ಎಂದು ಬರೆದಿದೆ. ಇಡೀ ಹಲಗೆಯನ್ನು ಬದಲಿಸಿಲ್ಲ, ಒಂದು ಪದವನ್ನು ಮಾತ್ರ. ಇದನ್ನು ಲೇಖಕರು ಯಾವ ಟೀಕೆಯೂ ಇಲ್ಲದೆ ಮೂರು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದಾರೆ. 'ಸಿಪಾಯಿ ದಂಗೆ' ಎಂದು ಓದಿ, ಅನಂತರ 'ಸ್ವಾತಂತ್ರ್ಯ ಸಂಗ್ರಾಮ' ಎಂದು ತಿದ್ದಿಕೊಂಡ ನಮ್ಮಂಥವರಿಗೆ ಅಷ್ಟು ಸಾಕು. ಅವರ ಲೇಖನಕ್ಕೆ ಒಂದೇ ಸಂಗತಿ ಸೇರಿಸಬಹುದಿತ್ತು: 2022ರಲ್ಲಿ ಅಲ್ಲಿನ 40 ಎಕರೆಯನ್ನು ಒಗ್ಲಾಲಾ ಮತ್ತು ಶೆಯೆನ್ ರಿವರ್ ಬುಡಕಟ್ಟುಗಳು ಸೇರಿ ಐದು ಲಕ್ಷ ಡಾಲರಿಗೆ ಖಾಸಗಿ ಮಾಲೀಕರಿಂದ ಕೊಂಡುಕೊಳ್ಳಲು ತೀರ್ಮಾನಿಸಿದವು. ತಮ್ಮವರು ಬಿದ್ದ ನೆಲವನ್ನು ತಾವೇ ದುಡ್ಡು ಕೊಟ್ಟು ಬರೆಸಿಕೊಳ್ಳಬೇಕಾಯಿತು.

ಈಗ ನಮ್ಮ ಸರದಿ. 2004ರಲ್ಲಿ ನಾವು ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಬ್ಯಾಡ್‌ಲ್ಯಾಂಡ್ಸ್ ದಾಟುವಾಗ ಮಡಿಲ ಮೇಲಿನ ನಕ್ಷೆ ನೋಡುತ್ತ, "ಈ ವೂಂಡೆಡ್ ನೀ ಅನ್ನೋದು ಇಲ್ಲೇ ಹತ್ತಿರ ಇದೆಯಲ್ಲಪ್ಪ, ಹೋಗಬಹುದಾ?" ಎಂದು ಕೇಳಿದರು. ರ‍್ಯಾಪಿಡ್ ಸಿಟಿಯಲ್ಲಿ ಮೋಟೆಲ್ ಕಾದಿರಿಸಿತ್ತು, ಮಕ್ಕಳು ಹಸಿದಿದ್ದರು, ಮಾರನೆಯ ದಿನ ರಶ್‌ಮೋರ್ ಇತ್ತು. "ಅಲ್ಲಿ ನೋಡೋಕೆ ಏನೂ ಇಲ್ಲವಂತೆ ಅಪ್ಪ" ಎಂದೆವು. ಅವರು ನಕ್ಷೆ ಮಡಿಸಿಟ್ಟರು, ಇನ್ನೊಂದು ಸಲ ಕೇಳಲಿಲ್ಲ. ಮರಳಿ ಬಂದು ನಾವು ಈ ಪತ್ರಿಕೆಗೆ ಆರು ಪುಟ ಬರೆದೆವು. ಅದರಲ್ಲಿ ಗಾದೆಯೂ ಇತ್ತು, ಗೊಜ್ಜೂ ಇತ್ತು, ಅರವತ್ತು ಅಡಿಯ ಮುಖಗಳೂ ಇದ್ದವು. "ರೆಡ್ ಇಂಡಿಯನ್ನರೊಡನೆ ಕದನ ನಡೆದ ಸ್ಥಳವೊಂದು ಹತ್ತಿರದಲ್ಲಿದೆ, ನೋಡುವಂಥದ್ದೇನೂ ಇಲ್ಲ" ಎಂಬ ಸಾಲೂ ಇತ್ತು. ಅಪ್ಪ ಅದನ್ನು ಓದಿದರು, ಕಾಗುಣಿತ ತಿದ್ದಿ ಕೊಟ್ಟರು, ಬೇರೇನೂ ಹೇಳಲಿಲ್ಲ. ಅವರು ಈಗಿಲ್ಲ.

ಹೊಸ ಸದಸ್ಯರ ಲೇಖನ ಓದಿದ ಮೇಲೆ, ಕಳೆದ ತಿಂಗಳು ನಾವಿಬ್ಬರೇ ಹೋಗಿ ಬಂದೆವು. ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಬೇಲಿಗೆ ಯಾರೋ ಬಣ್ಣದ ಬಟ್ಟೆಯ ಚೂರುಗಳನ್ನು ಕಟ್ಟಿದ್ದರು. ಕೆಳಗೆ ಮಣಿಸರ ಮಾರುತ್ತಿದ್ದ ಹೆಂಗಸಿನ ಹತ್ತಿರ ಒಂದು ಜೊತೆ ಓಲೆ ಕೊಂಡೆವು. ಕೊಲಂಬಸನ ನಗೆಹನಿ ಹೇಳಲಿಲ್ಲ.

ಸಂಪಾದಕರಲ್ಲಿ ಒಂದು ವಿನಂತಿ. ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸಿ ಮತ್ತೆ ಕಳುಹಿಸುವ ಕೆಲಸ ನಡೆದಿದೆಯಷ್ಟೆ. 2004ರ ನಮ್ಮ ಲೇಖನವನ್ನು ತೆಗೆದುಹಾಕಬೇಡಿ, ಬೇರೆ ಬರೆದುಕೊಡಿ ಎಂದೂ ಕೇಳಬೇಡಿ. ಐದನೆಯ ಪುಟದ ಆ ಸಾಲಿನಲ್ಲಿ 'ರೆಡ್ ಇಂಡಿಯನ್ನರು' ಎಂಬಲ್ಲಿ 'ಲಕೋಟಾ ಜನರು' ಎಂದೂ, 'ಕದನ' ಎಂಬಲ್ಲಿ 'ಹತ್ಯಾಕಾಂಡ' ಎಂದೂ ಹಾಕಿ. ಹಳೆಯ ಪದಗಳ ಮೇಲೆ ಒಂದೊಂದು ಗೆರೆ ಎಳೆದರೆ ಸಾಕು, ಅಳಿಸಬೇಡಿ, ಕೆಳಗಿನ ಅಕ್ಷರ ಕಾಣುತ್ತಿರಲಿ.